ಒರೆಸಿದ ಬಟ್ಟಲು

ಚಹಾದ ಲೋಟ ತುಟಿಗೆ ತಾಗಿದ್ದೇ ತಡ, ಅವನಿಗೆ ವಾಕರಿಕೆ ಬಂದಿತು. ಲೋಟ ಅವನದೇ, ತೊಳೆದವನು ಅವನೇ, ಬೆಳಕಿಗೆ ಹಿಡಿದು ನೋಡಿದವನೂ ಅವನೇ. ಆದರೂ ಅಂಚಿನಲ್ಲಿ ಯಾರದೋ ತುಟಿಯ ಗುರುತು ಉಳಿದಿದೆ ಅನ್ನಿಸಿ ತಿರುಗಿಸಿದ, ಇನ್ನೊಂದು ಸಲ ತಿರುಗಿಸಿದ. ಅಷ್ಟರಲ್ಲಿ ಚಹಾ ಆರಿಹೋಗಿ ಕೆನೆ ಕಟ್ಟಿತು. ಬಚ್ಚಲಿಗೆ ಚೆಲ್ಲಿ 'ಥೂ' ಅಂದ, ಯಾರಿಗೆ ಅಂದದ್ದೆಂದು ತನಗೇ ತಿಳಿಯಲಿಲ್ಲ. ಕೆಲಸದ ಮೇಜಿನ ಮೇಲೆ ಹನ್ನೊಂದು ಬಾಯಿಗಳು ಸಾಲಾಗಿ ಒಣಗುತ್ತಿದ್ದವು. ಬಾಯಿಗಳೆಂದರೆ ಸುಣ್ಣದಲ್ಲಿ ತೆಗೆದ ಅಚ್ಚುಗಳು. ದಂತವೈದ್ಯರು ರೋಗಿಗಳ ಬಾಯಿಯ ಅಳತೆ ಕಳಿಸುತ್ತಾರೆ, ಇವನು ಅದಕ್ಕೆ ಹೊಂದುವಂತೆ ಕಟ್ಟುಹಲ್ಲು ಮಾಡಿಕೊಡುತ್ತಾನೆ. ಇಪ್ಪತ್ತೆಂಟು ವರ್ಷದಿಂದ ಇದೇ ಕಸುಬು. ಊರಿನ ಅರ್ಧ ಮುದುಕರು ಇವನ ಹಲ್ಲಿನಿಂದಲೇ ನಗುತ್ತಾರೆ, ಇವನ ಹಲ್ಲಿನಿಂದಲೇ ಒಬ್ಬರನ್ನೊಬ್ಬರು ಬೈಯುತ್ತಾರೆ. ಚರ್ಚಿನ ಸಭೆಯಲ್ಲಿ ಅವನ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಹಲ್ಲಿನವನು ಅಂದರೆ ಮುಗಿಯಿತು.

ಬಾಯಿಗಳ ಸಾಲಿನ ಪಕ್ಕದಲ್ಲಿ ಒಂದು ಕಾಗದ, ಅದು ಹಾರದ ಹಾಗೆ ಮೇಲೊಂದು ಸುಣ್ಣದ ದವಡೆ. ನಿನ್ನೆ ಕಾರ್ಯದರ್ಶಿ ಖುದ್ದಾಗಿ ಬಂದು ಇಟ್ಟು ಹೋಗಿದ್ದ. ಕಾರ್ಯದರ್ಶಿ ಅಂದರೆ ಚರ್ಚಿನಲ್ಲಿ ಇವನಿರುವ ಬಣದ ಕಾರ್ಯದರ್ಶಿ, ತೂಕ ಮತ್ತು ಅಳತೆ ಇಲಾಖೆಯಿಂದ ನಿವೃತ್ತನಾದವನು, ಮಾತನ್ನೂ ತಕ್ಕಡಿಯಲ್ಲಿಟ್ಟು ಆಡುವವನು. "ನಾಳೆ ಸಂಜೆಯೊಳಗೆ ಒಂದು ಸಹಿ ಬಿಸಾಕಿ ಸಾಕು. ನಾಡಿದ್ದು ಮೇಲಿನ ಮಂಡಳಿಯವ್ರು ಬರ್ತಾರೆ. ನಿಮ್ಮ ಈ ಒಂದು ಕಾಗದ ಇದ್ರೆ ಚರ್ಚು ಪೂರ್ತಿ ನಮ್ಗೇ" ಎಂದಿದ್ದ. ಹಾಗೆನ್ನುವಾಗ ಅವನ ಮೇಲಿನ ಹಲ್ಲಿನ ಸೆಟ್ಟು ತುಸು ಜಾರಿ ಟಕ್ಕೆಂದು ಕೂತಿತ್ತು. ಅದೂ ಇವನದೇ ಕೆಲಸ. ಕಾಗದದಲ್ಲಿ ಬರೆದದ್ದು ಇಷ್ಟು: ಕಟ್ಟುಹಲ್ಲಿನ ಕೆಲಸದಲ್ಲಿ ಇಪ್ಪತ್ತೆಂಟು ವರ್ಷ ಅನುಭವವುಳ್ಳ ನಾನು, ಎಲ್ಲರೂ ಒಂದೇ ಬಟ್ಟಲಿನಿಂದ ಕುಡಿಯುವುದರಿಂದ ಬಾಯಿಯ ರೋಗಗಳು ಹರಡುತ್ತವೆಂದೂ, ಅಂಥ ಅಂಟುಹುಣ್ಣನ್ನು ನನ್ನ ಸ್ವಂತ ಅಕ್ಕನ ಬಾಯಿಯಲ್ಲಿ ಕಣ್ಣಾರೆ ಕಂಡಿದ್ದೇನೆಂದೂ ದೇವರ ಮುಂದೆ ದೃಢಪಡಿಸುತ್ತೇನೆ. ದೇವರ ಮುಂದೆ ಅನ್ನುವ ಕಡೆ ಕಾರ್ಯದರ್ಶಿ ಅಡಿಗೆರೆ ಎಳೆದಿದ್ದ. ದೇವರಿಗೆ ಓದಲು ಕಷ್ಟವಾದೀತೆಂದು ಇರಬೇಕು.

ಕಾಗದದ ಆಚೆಗೆ ಒಂದು ಬಟ್ಟಲು ನೀರು, ನೀರಿನಲ್ಲಿ ಅಕ್ಕನ ಕೆಳಗಿನ ಹಲ್ಲು. ಇದು ಬಂದದ್ದು ಇವತ್ತು ಬೆಳಿಗ್ಗೆ. ಭಾವ ಗಂಟೆ ಒತ್ತದೆ, ಬಾಗಿಲು ತಟ್ಟದೆ, ಚೀಲವನ್ನು ಹಿಡಿಕೆಗೆ ಸಿಕ್ಕಿಸಿ ಹೋಗಿದ್ದ. ಒಳಗೊಂದು ಚೀಟಿ: 'ಅವಳಿಗೆ ಎದೆಯಲ್ಲಿ ನೀರು ತುಂಬಿದೆ. ಡಾಕ್ಟರು ಇನ್ನು ಕೆಲವೇ ದಿನ ಅಂದಿದ್ದಾರೆ. ಇವತ್ತು ನಾಲ್ಕಕ್ಕೆ ಬೋಧಕರು ಮನೆಗೇ ಬಂದು ಪ್ರಭುಭೋಜನ ಕೊಡುತ್ತಾರೆ. ರೊಟ್ಟಿ ಅಗಿಯಲು ಹಲ್ಲು ಬೇಕಂತೆ, ಚುಚ್ಚುತ್ತದಂತೆ. ನೀನೇ ತರಬೇಕಂತೆ.' ಕೇಳಿಕೊಂಡ ಪ್ರತಿ ಮಾತಿಗೂ ಅಂತೆ. ತನ್ನ ಬಾಯಿಂದ ಒಂದು ಮಾತೂ ಬಂದಿಲ್ಲವೆಂದು ತೋರಿಸುವ ಭಾವನ ಹಟ. ಮೂರು ವರ್ಷದ ಹಿಂದೆ ಇದೇ ಭಾವ ಇದೇ ಮೇಜಿನ ಎದುರು ಕೂತು ಪದಬಂಧ ತುಂಬಿಸುತ್ತಿದ್ದ. ಈಗ ದಾರಿಯಲ್ಲಿ ಎದುರಾದರೆ ಆಚೆ ಬದಿಗೆ ದಾಟುತ್ತಾನೆ.

ಹಲ್ಲನ್ನು ನೀರಿನಿಂದ ತೆಗೆದು ಹೆಬ್ಬೆರಳಿನಿಂದ ಅಂಚು ಸವರಿದ. ಮುಂದಿನ ಎರಡು ಹಲ್ಲುಗಳ ಕೆಳಗೆ, ತುಟಿಯ ಕಡೆಗೆ, ಅದು ಅಲ್ಲೇ ಇತ್ತು. ಅಕ್ಕಿಕಾಳಿನಷ್ಟು ಒಂದು ಮೊನೆ. ಮೂರು ವರ್ಷದಿಂದ ಅಲ್ಲೇ ಇದೆ. ನೋಡದಿದ್ದರೂ ಇದೆಯೆಂದು ಅವನಿಗೆ ಗೊತ್ತಿತ್ತು, ರಾತ್ರಿ ಹಾಸಿಗೆಯಲ್ಲಿ ತನ್ನದೇ ಕೆಳತುಟಿಯ ಒಳಗೆ ನಾಲಗೆ ಆಡಿಸಿ ಹುಡುಕುತ್ತಿದ್ದ. ಇದನ್ನು ಮಾಡಿದ ವಾರ ಕೆಲಸ ಜಾಸ್ತಿಯಿತ್ತು, ಅಕ್ಕನದಲ್ಲವೇ, ಆಮೇಲೆ ಉಜ್ಜಿದರಾಯಿತು ಎಂದು ಕೊಟ್ಟುಬಿಟ್ಟಿದ್ದ. ಪರರ ಬಾಯಿಗೆ ಹಾಕುವುದನ್ನು ಮೂರು ಸಲ ಸವರಿ ನೋಡುವವನು, ಸ್ವಂತ ಅಕ್ಕನ ಬಾಯಿಗೆ ಹಾಗೇ ಹಾಕಿದ್ದ. ನಮ್ಮವರೆಂದರೆ ಅಷ್ಟೇ, ಸಲಿಗೆಯ ಹೆಸರಿನಲ್ಲಿ ಅವರಿಗೆ ಸಿಗುವುದೆಲ್ಲ ಅರೆಬರೆ. ಹತ್ತು ದಿನಕ್ಕೆ ಅಕ್ಕನ ಕೆಳತುಟಿಯ ಒಳಗೆ ಹುಣ್ಣಾಯಿತು. ಹನ್ನೊಂದನೆಯ ದಿನ ಭಾನುವಾರ, ಚರ್ಚಿನಲ್ಲಿ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಹಂಚಿಕೊಳ್ಳುವ ಪ್ರಭುಭೋಜನ.

ಅವರ ಸಭೆಯಲ್ಲಿ ತಲೆತಲಾಂತರದಿಂದ ಒಂದೇ ಬಟ್ಟಲು, ಬೆಳ್ಳಿಯದು, ಒಂದು ಕಡೆ ತಗ್ಗು ಬಿದ್ದದ್ದು. ಪೀಠದ ಮುಂದಿನ ಕಟಕಟೆಗೆ ಎಲ್ಲರೂ ಸಾಲಾಗಿ ಮಂಡಿಯೂರುತ್ತಾರೆ, ಬಟ್ಟಲು ಕೈಯಿಂದ ಕೈಗೆ ಹೋಗುತ್ತದೆ, ನಡುವೆ ಯಾರೂ ಒರೆಸುವ ಹಾಗಿಲ್ಲ. ಒರೆಸಿದರೆ ನಿನಗೂ ನನಗೂ ಮುಗಿಯಿತು ಎಂದು ಎಲ್ಲರೆದುರು ಹೇಳಿದ ಹಾಗೆ. ಅದಕ್ಕೇ ಜಗಳವಾಡಿದವರು ಶನಿವಾರವೇ ರಾಜಿಯಾಗುತ್ತಿದ್ದರು, ಆಗದಿದ್ದವರು ಸಾಲಿನ ಆಚೆ ತುದಿಗೊಬ್ಬರು ಈಚೆ ತುದಿಗೊಬ್ಬರು ಮಂಡಿಯೂರುತ್ತಿದ್ದರು. ಆ ಭಾನುವಾರ ಅಕ್ಕ ಅವನ ಎಡಕ್ಕೆ. ಬಟ್ಟಲು ಎತ್ತಿದಾಗ ಅವಳ ತುಟಿ ತುಸು ಮಡಚಿಕೊಂಡಿತು, ಒಳಗಿನ ಹುಣ್ಣು ಕಾಣಿಸಿತು, ಬಿಳಿ, ಸುತ್ತ ಕೆಂಪು. ಕುಡಿದಳು. ನೋವಿಗೆ ಕಣ್ಣು ಕಿರಿದು ಮಾಡಿ ಇವನ ಕೈಗೆ ಕೊಟ್ಟಳು. ಆಗ ಅವನ ಬಲಗೈ, ಅವನನ್ನು ಒಂದು ಮಾತೂ ಕೇಳದೆ, ಜೇಬಿಗೆ ಹೋಗಿ ಕರವಸ್ತ್ರ ತೆಗೆದು ಅಂಚನ್ನು ಒರೆಸಿತು. ಒಂದು ಸುತ್ತು, ಪೂರ್ತಿ ಒಂದು ಸುತ್ತು, ಕೆಲಸದ ಮೇಜಿನ ಮೇಲೆ ಒರೆಸಿದ ಹಾಗೆಯೇ. ತಲೆಯೆತ್ತಿದರೆ ಆರ್ಗನ್ ನುಡಿಸುವ ಟೀಚರಿಂದ ಹಿಡಿದು ಎಲ್ಲರೂ ನೋಡುತ್ತಿದ್ದರು. ಅಕ್ಕ ನೋಡಲಿಲ್ಲ. ಎದುರಿನ ಗೋಡೆ ನೋಡುತ್ತಿದ್ದಳು.

ಆಮೇಲಿನದು ಹೊಲಸು. ಚರ್ಚಿನ ಮೆಟ್ಟಿಲ ಮೇಲೆಯೇ ಶುರುವಾಯಿತು. ಅಕ್ಕನ ಮೇಲೆ ಏನು ಸಿಟ್ಟು ಎಂದು ಒಬ್ಬರು, ಸಿಟ್ಟಲ್ಲ ಮಾರಾಯರೇ ಕಾಯಿಲೆ ಇರಬೇಕು ಎಂದು ಇನ್ನೊಬ್ಬರು. ಇವನು ಹಲ್ಲಿನವನಲ್ಲವೇ, ಗೊತ್ತಿಲ್ಲದೆ ಒರೆಸುತ್ತಾನೆಯೇ? ಕಾರ್ಯದರ್ಶಿ ಆಗಿನ್ನೂ ಕಾರ್ಯದರ್ಶಿಯಾಗಿರಲಿಲ್ಲ, ಇವನ ಭುಜ ಹಿಡಿದು "ನೀವು ಹೇಳಿ, ಬಾಯಲ್ಲಿ ಏನೇನಿರುತ್ತೆ ಅಂತ ನಿಮ್ಗಿಂತ ಗೊತ್ತಿರೋರು ಯಾರು?" ಎಂದ. ಇವನು ಹೇಳಬೇಕಾದದ್ದು ಒಂದೇ ಸಾಲು. ಅದು ನಾನು ಮಾಡಿದ ಹಲ್ಲು ಚುಚ್ಚಿ ಆದದ್ದು. ಹೇಳಲಿಲ್ಲ. ದಂತವೈದ್ಯರಿಬ್ಬರು ಅಲ್ಲೇ ನಿಂತಿದ್ದರು, ಅವರ ಅಳತೆಗಳಿಂದಲೇ ಇವನ ಒಲೆ ಉರಿಯುವುದು. "ಬಾಯಲ್ಲಿ ಬೇಕಾದಷ್ಟಿರುತ್ತೆ" ಎಂದ. ಸುಳ್ಳೇನಲ್ಲ. ಮುಂದಿನ ತಿಂಗಳಿಗೆ ಒಂದು ಗುಂಪು ಒಬ್ಬೊಬ್ಬರಿಗೊಂದು ಪುಟ್ಟ ಗಾಜಿನ ಲೋಟ ಬೇಕೆಂದಿತು, ಇನ್ನೊಂದು ಗುಂಪು ಬಟ್ಟಲು ಬಿಟ್ಟವನು ಪ್ರಭುವನ್ನೇ ಬಿಟ್ಟವನು ಎಂದಿತು. ವರ್ಷ ತುಂಬುವುದರೊಳಗೆ ಲೋಟದವರು, ಬಟ್ಟಲಿನವರು ಎಂದು ಎರಡು ಸಭೆ, ಇಬ್ಬರು ಬೋಧಕರು, ಎರಡು ಬೀಗ. ಮೈಮರೆತು ಒರೆಸಿದ ಇವನನ್ನು ಲೋಟದವರು ಹಿರಿಯನನ್ನಾಗಿ ಆರಿಸಿ ಶಾಲು ಹೊದೆಸಿದರು. ಬಟ್ಟಲಿನವರು ಅಕ್ಕನನ್ನು ಮೊದಲ ಬೆಂಚಿನಲ್ಲಿ ಕೂರಿಸಿ, ನಂಬಿಕೆಗಾಗಿ ಅವಮಾನ ಉಂಡವಳು ಎಂದರು. ಕೂರಿಸಿದರು, ಅಷ್ಟೇ. ಬಟ್ಟಲು ಅವಳ ಬಳಿಗೆ ಬರುವುದು ಯಾವಾಗಲೂ ಎಲ್ಲರದೂ ಆದ ಮೇಲೆ, ಕೊನೆಗೆ. ಇದನ್ನು ಇವನಿಗೆ ಹೇಳಿದವನು ಚರ್ಚಿನ ಗಂಟೆ ಹೊಡೆಯುವವನು, ನಗುತ್ತ ಹೇಳಿದ್ದ.

ಮೂರು ಗಂಟೆಗೆ ಅಂಗಡಿಯ ಬಾಗಿಲು ಅರ್ಧ ಎಳೆದು ಉಜ್ಜುವ ಯಂತ್ರ ಹಾಕಿದ. ಚಕ್ರಕ್ಕೆ ಒದ್ದೆ ಪುಡಿ ಹಚ್ಚಿ ಆ ಮೊನೆಯನ್ನು ಮೆತ್ತಗೆ ಒತ್ತಿದ. ಜುಯ್ ಎಂದಿತು. ಹೆಬ್ಬೆರಳಿನಿಂದ ಸವರಿದ, ಇನ್ನೊಮ್ಮೆ ಒತ್ತಿದ, ಸವರಿದ. ಇಲ್ಲ. ಮೊನೆ ಹೋಯಿತು. ಗೋಡೆಯ ಗಡಿಯಾರ ನೋಡಿದರೆ ಎರಡು ನಿಮಿಷವೂ ಆಗಿರಲಿಲ್ಲ. ಇದಕ್ಕಾಗಿ ಮೂರು ವರ್ಷ. ಇದನ್ನು ಉಜ್ಜಿದರೆ ತಪ್ಪು ಒಪ್ಪಿಕೊಂಡ ಹಾಗೆ ಎಂದು, ಅಕ್ಕ ಎರಡು ಸಲ ಕಳಿಸಿದ್ದಾಗಲೂ ಸೋಪು ಹಾಕಿ ತೊಳೆದಷ್ಟೇ ವಾಪಸು ಕೊಟ್ಟಿದ್ದ. ಅಂಗೈ ಹುಣ್ಣಿಗೆ ಕನ್ನಡಿ ಬೇಡವಂತೆ. ಬಾಯಿ ಹುಣ್ಣಿಗೆ ಮಾತ್ರ ಒಂದು ಮಂಡಳಿ, ಇಬ್ಬರು ವಕೀಲರು ಬೇಕಾದರು. ಅವನಿಗೆ ತನ್ನ ಹೆಬ್ಬೆರಳಿನ ಮೇಲೆಯೇ ಅಸಹ್ಯವಾಯಿತು. ಹಲ್ಲನ್ನು ತೊಳೆದು ಡಬ್ಬಿಯಲ್ಲಿಟ್ಟು, ಕಾಗದವನ್ನು ಮಡಚಿ ಕರವಸ್ತ್ರದ ಜತೆ ಜೇಬಿಗೆ ತುರುಕಿದ. ಅಕ್ಕನನ್ನು ನೋಡಿ ಬರುತ್ತ ಸಹಿ ಮಾಡಿ ಕೊಟ್ಟರಾಯಿತು ಎಂದುಕೊಂಡ. ಹಾಗೆಂದುಕೊಂಡದ್ದು ನಿಜವೋ ಅಲ್ಲವೋ ಎಂದು ಕೇಳಿಕೊಳ್ಳಲಿಲ್ಲ.

ಅಕ್ಕನ ಮನೆಗೆ ಚರ್ಚು ದಾಟಿಯೇ ಹೋಗಬೇಕು. ಅಂಗಳದಲ್ಲಿ ಹೊಸ ಇಟ್ಟಿಗೆಯ ರಾಶಿ. ಈವರೆಗೆ ಒಳಗೆ ಪ್ಲೈವುಡ್ಡಿನ ಗೋಡೆಯಿತ್ತು, ಪೀಠದಿಂದ ಬಾಗಿಲವರೆಗೆ, ಆ ಕಡೆ ಬಟ್ಟಲು, ಈ ಕಡೆ ಲೋಟ. ಮಂಡಳಿ ಬರುವ ಮುಂಚೆ ತಮ್ಮ ಅರ್ಧಕ್ಕೆ ಗಟ್ಟಿ ಗೋಡೆ ಕಟ್ಟಿಬಿಡಬೇಕೆಂದು ಎರಡು ಕಡೆಯವರೂ ಇಟ್ಟಿಗೆ ತರಿಸಿದ್ದರು. ಇಬ್ಬರದೂ ಒಂದೇ ಭಟ್ಟಿಯದು, ಯಾರದು ಯಾವುದು ಎಂದು ಗೊತ್ತಾಗದೆ ಮೊನ್ನೆ ಅದಕ್ಕೂ ಹೊಡೆದಾಟವಾಗಿತ್ತು. ಭಾನುವಾರಗಳಲ್ಲಿ ಎರಡು ಕಡೆಯೂ ಒಂದೇ ಹಳೆಯ ಕೀರ್ತನೆ ಹಾಡುತ್ತಾರೆ, ಆದರೆ ಒಟ್ಟಿಗೆ ಹಾಡಿದರೆ ಸೋತ ಹಾಗಲ್ಲವೇ, ಬೇಕೆಂದೇ ಒಂದು ಸಾಲು ಹಿಂದೆ ಮುಂದೆ. ಇವನು ಪ್ಲೈವುಡ್ಡಿನ ಪಕ್ಕದಲ್ಲಿ ಕೂತು, ಆಚೆಯಿಂದ ಬರುವ ದನಿಗಳಲ್ಲಿ ಅಕ್ಕನ ದನಿ ಹುಡುಕುತ್ತಿದ್ದ. ಸಿಗುತ್ತಿತ್ತು. ಅವಳು ಮಾತ್ರ ಈ ಕಡೆಯ ತಾಳಕ್ಕೆ ಹಾಡುತ್ತಿದ್ದಳು. ಚಿಕ್ಕಂದಿನಲ್ಲಿ ಒಂದೇ ತಟ್ಟೆಯಲ್ಲಿ ಉಂಡವರು. ಅವಳು ಅರ್ಧ ಕಚ್ಚಿದ ಹಣ್ಣನ್ನು ಇವನು ಕಿತ್ತುಕೊಂಡು ತಿನ್ನುತ್ತಿದ್ದ, ಅವಳು ಊದಿ ಆರಿಸಿದ ಹಾಲನ್ನೇ ಕುಡಿಯುತ್ತಿದ್ದ. ಜ್ವರ ಬಂದಾಗ ಮಾತ್ರೆಯನ್ನು ತನ್ನ ಹಲ್ಲಿನಲ್ಲಿ ಎರಡು ತುಂಡು ಮಾಡಿ ಅರ್ಧವನ್ನು ಇವನ ನಾಲಗೆಯ ಮೇಲೆ ಇಡುತ್ತಿದ್ದಳು. ಆಗೆಲ್ಲಿತ್ತು ಈ ಕರವಸ್ತ್ರ?

ಬಾಗಿಲು ತೆಗೆದ ಭಾವ ಕೈಚಾಚಿದ. "ಕೊಡು, ಒಳಗೆ ಕೊಡ್ತೀನಿ."

"ನಾನೇ ತರ್ಬೇಕು ಅಂದಿದ್ಳಂತಲ್ಲ" ಎಂದ. ಅಂತೆಯನ್ನು ವಾಪಸು ಕೊಟ್ಟದ್ದಕ್ಕೆ ಒಂದು ಕ್ಷಣ ಕೀಳು ಸಂತೋಷವಾಯಿತು.

ಭಾವ ಪಕ್ಕಕ್ಕೆ ಸರಿದ. "ಚಪ್ಪಲಿ ಅಲ್ಲೇ ಬಿಡು. ಒಳಗೆ ಕುರ್ಚಿ ಒಂದೇ ಇದೆ, ಅದು ಬೋಧಕರಿಗೆ."

ಅಕ್ಕ ಮೂರು ದಿಂಬಿಗೆ ಒರಗಿ ಕೂತಿದ್ದಳು. ಹಲ್ಲಿಲ್ಲದ ಕೆಳದವಡೆ ಒಳಗೆ ಹೋಗಿ, ಮುಖ ಅರ್ಧದಷ್ಟಾಗಿತ್ತು. ಕೋಣೆಯಲ್ಲಿ ಔಷಧಿ, ಬೆವರು, ಮುಚ್ಚಿಟ್ಟ ಪಾತ್ರೆಯ ವಾಸನೆ. ಅವನ ಮೂಗು ತಾನಾಗಿ ಮುದುಡಿತು. ಅದನ್ನು ಸರಿಮಾಡಿಕೊಳ್ಳುವ ಮುಂಚೆಯೇ ಅವಳು ಕಂಡಳು, ಕಿಟಕಿ ತೋರಿಸಿ "ತೆಗಿಯೋ, ಗಾಳಿ ಬರ್ಲಿ" ಎಂದಳು. ಸತ್ತುಹೋಗುವಷ್ಟು ನಾಚಿಕೆಯಾಯಿತು. ಕಿಟಕಿ ತೆಗೆದ. ಅಷ್ಟರಲ್ಲಿ ಬಟ್ಟಲಿನವರ ಬೋಧಕರು ಬಂದರು, ಇನ್ನೂ ನಲವತ್ತು ದಾಟದವರು, ಕಂಕುಳಲ್ಲಿ ಕಪ್ಪು ಪೆಟ್ಟಿಗೆ. ಇವನನ್ನು ಕಂಡು ಹೊಸಲಲ್ಲೇ ನಿಂತರು.

"ಇವ್ರು ಇಲ್ಲಿ ಇರೋದು..."

"ನನ್ನ ತಮ್ಮ" ಎಂದಳು ಅಕ್ಕ. ಹಲ್ಲಿಲ್ಲದ ಬಾಯಲ್ಲಿ ಆ ಎರಡು ಮಾತು ಒದ್ದೆಯಾಗಿ ಹೊರಬಂದವು. "ಅವನಿಗೂ ಕೊಡ್ಬೇಕು."

"ಅವ್ರು ನಮ್ಮ ಸಭೆಯವರಲ್ಲಮ್ಮ. ಆ ಕಡೆ ಹಿರಿಯರು ಬೇರೆ. ನಾನು ಕೊಟ್ಟೆ ಅಂತ ಗೊತ್ತಾದ್ರೆ..."

"ಹಾಗಾದ್ರೆ ನಂಗೂ ಬೇಡ. ಪೆಟ್ಟಿಗೆ ತೆಗೀಬೇಡಿ."

ಭಾವ ತಲೆ ಚಚ್ಚಿಕೊಂಡ. ಬೋಧಕರು ತೆರೆದ ಕಿಟಕಿಯ ಕಡೆ ನೋಡಿದರು, ಬೀದಿಯಲ್ಲಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಕುರ್ಚಿಯಲ್ಲಿ ಕೂತರು. ಇವನು ಡಬ್ಬಿ ತೆಗೆದು ಹಲ್ಲನ್ನು ಅಕ್ಕನ ಕೈಗಿಟ್ಟ. ಅವಳು ಅದನ್ನು ಕೂರಿಸಿಕೊಂಡಳು. ಮುಖ ಮತ್ತೆ ಅಕ್ಕನದಾಯಿತು. ನಾಲಗೆಯನ್ನು ಕೆಳತುಟಿಯ ಒಳಗೆ ಆಡಿಸಿದಳು, ಎಡಕ್ಕೊಮ್ಮೆ, ಬಲಕ್ಕೊಮ್ಮೆ.

"ಉಜ್ಜಿದ್ಯಾ?" ಎಂದಳು.

"ಹೂಂ."

"ಈಗ ಚುಚ್ಚಲ್ಲ."

ಅವನು ಮಂಚದ ಕಾಲ ಬಳಿ ನೆಲಕ್ಕೇ ಕೂತ. "ನಿಂಗೆ ಗೊತ್ತಿತ್ತಾ?"

"ಹಲ್ಲು ನನ್ನ ಬಾಯಲ್ಲಿ ಇತ್ತಲ್ಲೋ ದಡ್ಡ. ತೆಗೆದಿಟ್ರೆ ಮಾಯ್ತಿತ್ತು, ಹಾಕ್ಕೊಂಡ್ರೆ ಬರ್ತಿತ್ತು. ಇದಕ್ಕೆ ಡಾಕ್ಟರು ಬೇಕಾ?"

"ಮತ್ತೆ ಯಾಕೆ ಹೇಳ್ಲಿಲ್ಲ? ಮೂರು ವರ್ಷ..."

ಅವಳು ಉಸಿರು ಸೇರಿಸಿಕೊಂಡಳು. "ಸ್ವಂತ ಅಕ್ಕನ ಬಾಯೇ ಕೆಡಿಸ್ದ ಅಂದ್ರೆ, ನಿನ್ನ ಹತ್ರ ಯಾರು ಹಲ್ಲು ಮಾಡಿಸ್ತಾರೆ?" ಎಂದಳು. "ನೀನೇ ಹೇಳ್ತೀಯ ಅಂತಾನೂ ನೋಡ್ತಿದ್ದೆ. ಮೊದಮೊದ್ಲು."

ಮೊದಮೊದಲು ಅಂದದ್ದು ಅವನ ಎದೆಗೆ ನಾಟಿತು. ಎಷ್ಟು ತಿಂಗಳು ಕಾದಿರಬಹುದು, ಯಾವ ಭಾನುವಾರದಿಂದ ಕಾಯುವುದನ್ನು ಬಿಟ್ಟಿರಬಹುದು? ಎದ್ದು ನಿಂತು ಬೋಧಕರಿಗೆ, ಜೋರಾಗಿ, ಆಚೆ ಕೋಣೆಗೂ ಕೇಳುವಷ್ಟು ಜೋರಾಗಿ ಹೇಳಿದ: "ಆ ಹುಣ್ಣು ನಾನು ಮಾಡಿದ್ದು. ಹಲ್ಲಿನ ಅಂಚು ಸರಿಯಾಗಿ ಉಜ್ಜದೆ ಕೊಟ್ಟಿದ್ದೆ. ಕಾಯಿಲೆ ಇರ್ಲಿಲ್ಲ, ಅಂಟೂ ಇರ್ಲಿಲ್ಲ. ನಂಗೆ ಅವತ್ತೇ ಗೊತ್ತಿತ್ತು." ಭಾವ ಗೋಡೆಗೆ ಒರಗಿದ. ಯಾರಾದರೂ ಕಪಾಳಕ್ಕೆ ಹೊಡೆದರೆ ಸಾಕೆಂದು ಇವನು ಕಾದ. ಬೋಧಕರು ಹೊಡೆಯಲಿಲ್ಲ, ಬೈಯಲೂ ಇಲ್ಲ. ಪೆಟ್ಟಿಗೆಯ ಕೊಂಡಿಯನ್ನು ಬೆರಳಿನಿಂದ ಆಡಿಸಿದರು.

"ಈಗ ಇದನ್ನ ಹೊರಗೆ ಹೇಳೋದು ಬೇಡ" ಎಂದರು. "ಇಷ್ಟು ದೂರ ಬಂದಾಗಿದೆ. ಇಟ್ಟಿಗೆನೂ ಬಂದಿದೆ. ಇಷ್ಟಕ್ಕೂ ಇದು ಹುಣ್ಣಿನ ಪ್ರಶ್ನೆ ಅಲ್ಲ, ತತ್ವದ ಪ್ರಶ್ನೆ."

ಅವನಿಗೆ ನಗು ಬಂದಿತು, ನಗುವಿನ ಹಿಂದೆಯೇ ವಾಕರಿಕೆ. ತತ್ವವಂತೆ! ಅಕ್ಕಿಕಾಳಿನಷ್ಟು ಮೊನೆಯ ಮೇಲೆ ಇವರೆಲ್ಲ ಹತ್ತಿ ಕೂತಿದ್ದರು, ಮೊನೆ ತೆಗೆದರೂ ಇಳಿಯುವವರಲ್ಲ. ಜೇಬಿನಿಂದ ಕಾಗದ ತೆಗೆದ, ಗೋಡೆಗೆ ಒತ್ತಿ ಹಿಡಿದು, ಅದರ ಹಿಂಬದಿಗೆ ಬರೆದ: 'ನನ್ನ ಅಕ್ಕನ ಬಾಯಿಯ ಹುಣ್ಣು ನಾನು ಮಾಡಿದ ಹಲ್ಲಿನಿಂದ ಆದದ್ದು. ಅವಳಿಗೆ ಯಾವ ಕಾಯಿಲೆಯೂ ಇರಲಿಲ್ಲ.' ಸಹಿ ಹಾಕಿದ. ಎರಡು ಸಾಲು. ಇದಕ್ಕೂ ಎರಡು ನಿಮಿಷ ಆಗಲಿಲ್ಲ. "ನಾಳೆ ಮಂಡಳಿಯವ್ರ ಮುಂದೆ ನಾನೇ ಓದ್ತೀನಿ" ಎಂದ. "ಅವ್ರೂ ಬಿಡಲ್ಲ, ನಾವೂ ಬಿಡಲ್ಲ" ಎಂದರು ಬೋಧಕರು, ಬೆದರಿಕೆಯಂತೆ ಅಲ್ಲ, ಬಸ್ಸಿನ ಸಮಯ ಹೇಳಿದ ಹಾಗೆ. ಪೆಟ್ಟಿಗೆ ತೆರೆದರು.

ಬೆಳ್ಳಿಯದೇ ಬಟ್ಟಲು, ತಗ್ಗು ಬಿದ್ದದ್ದು, ಕೋರ್ಟು ಅದನ್ನು ಆ ಕಡೆಗೆ ಕೊಟ್ಟಿತ್ತು. ಪ್ರಾರ್ಥನೆ ಬೇಗ ಬೇಗ ಮುಗಿಯಿತು. ಅಕ್ಕ ರೊಟ್ಟಿಯ ಚೂರನ್ನು ಅಗಿದಳು, ನಿಧಾನವಾಗಿ, ಎರಡೂ ಕಡೆ, ಮೂರು ವರ್ಷದ ಮೇಲೆ ನೋವಿಲ್ಲದೆ. ಬಟ್ಟಲನ್ನು ಬೋಧಕರೇ ಅವಳ ತುಟಿಗೆ ಹಿಡಿದರು. ಕುಡಿಯುತ್ತ ಕೆಮ್ಮು ಬಂದಿತು, ಸ್ವಲ್ಪ ದ್ರಾಕ್ಷಾರಸ ಬಾಯಿಂದ ಹಿಂದಕ್ಕೇ ಬಂದು ಬಟ್ಟಲಿಗೆ ಬಿದ್ದಿತು, ಜತೆಗೆ ಅಗಿದ ರೊಟ್ಟಿಯ ಒಂದೆರಡು ಎಳೆ. ಇವನ ಸರದಿ. ಬಟ್ಟಲಿನವರ ನಿಯಮದಲ್ಲಿ ಉಳಿದದ್ದನ್ನು ಚೆಲ್ಲುವ ಹಾಗಿಲ್ಲ, ಕೊನೆಯ ಹನಿಯವರೆಗೂ ಬೋಧಕರೇ ಕುಡಿಯಬೇಕು. ಅದು ಬೋಧಕರಿಗೂ ನೆನಪಾಗಿರಬೇಕು. ಒಳಗೆ ಒಮ್ಮೆ ನೋಡಿದರು. ಆಮೇಲೆ, ಇವನಿಗೆ ಕೊಡುವವರಂತೆ ಕೈ ಮುಂದೆ ತರುತ್ತ, ಹೆಬ್ಬೆರಳಿನಿಂದ ಬಟ್ಟಲನ್ನು ಮೆಲ್ಲಗೆ, ಯಾರಿಗೂ ಕಾಣದ ಹಾಗೆ, ಅರ್ಧ ಸುತ್ತು ತಿರುಗಿಸಿದರು. ಇವನು ಕಂಡ. ಬೆಳಿಗ್ಗೆ ಚಹಾದ ಲೋಟವನ್ನು ತಾನೇ ಹಾಗೆ ತಿರುಗಿಸಿದ್ದ. ಅಕ್ಕನೂ ಕಂಡಳು, ಎದುರಿನ ಗೋಡೆಯನ್ನು ನೋಡತೊಡಗಿದಳು.

ಅವನು ಎರಡೂ ಕೈಯಿಂದ ಬಟ್ಟಲು ತೆಗೆದುಕೊಂಡ. ಮತ್ತೆ ಅರ್ಧ ಸುತ್ತು ತಿರುಗಿಸಿದ, ಒದ್ದೆ ಗುರುತು ತನ್ನ ಕಡೆಗೆ ಬರುವವರೆಗೆ. ಅಲ್ಲೇ ತುಟಿ ಇಟ್ಟ. ಬೆಚ್ಚಗಿತ್ತು. ಎಳೆ ನಾಲಗೆಗೆ ಹತ್ತಿತು, ಹೊಟ್ಟೆಯೆಲ್ಲ ಮೇಲಕ್ಕೆ ಬಂದಿತು. ಪ್ರೀತಿ ಉಕ್ಕುತ್ತದೆ, ಎಲ್ಲ ಸಿಹಿಯಾಗುತ್ತದೆ ಎಂದು ಒಂದು ಕ್ಷಣ ನಂಬಿದ್ದ. ಏನೂ ಆಗಲಿಲ್ಲ. ಅಸಹ್ಯ ಅಸಹ್ಯವಾಗಿಯೇ ಇತ್ತು. ಕಣ್ಣಲ್ಲಿ ನೀರು ಬಂದಿತು, ನುಂಗಿದ. ಮತ್ತೊಂದು ಗುಟುಕು ನುಂಗಿದ. ಬಟ್ಟಲು ಬರಿದಾಗುವವರೆಗೆ ಬೋಧಕರ ಮುಖ ನೋಡಲಿಲ್ಲ.

ಅಕ್ಕ ಅವನನ್ನೇ ನೋಡುತ್ತಿದ್ದಳು. ಕೈ ಚಾಚಿ ಅವನ ತೋಳು ಹಿಡಿದು ಹತ್ತಿರ ಎಳೆದುಕೊಂಡಳು, ಬೋಧಕರಿಗೆ ಕೇಳದ ಹಾಗೆ ಕೇಳಿದಳು.

"ಹೇಸಿಗೆ ಆಯ್ತಾ?"

ಸುಳ್ಳು ಹೇಳಲು ಬಾಯಿ ತೆರೆದ. ಆಗಲಿಲ್ಲ. "ಹೂಂ" ಎಂದ.

"ನಂಗೂ ಆಗ್ತಿತ್ತು" ಎಂದಳು. "ಪ್ರತಿ ಭಾನುವಾರ. ಸಾಲಲ್ಲಿ ನಂಗಿಂತ ಮುಂಚೆ ಆ ಗಂಟೆ ಹೊಡೆಯೋನು ಮೀಸೆ ಅದ್ದಿ ಅದ್ದಿ ಕುಡೀತಿದ್ನಲ್ಲ, ನೆನಪಿದ್ಯಾ? ನಲವತ್ತು ವರ್ಷ ಕಣೋ. ಕಣ್ಮುಚ್ಕೊಂಡು ಕುಡೀತಿದ್ದೆ."